ಜಾನ್ ನ್ಯೂಟನ್ ಕಂಡ ಬಿಡುಗಡೆ

ಪಾಪದಿಂದ ಬಿಡುಗಡೆ ಎಂಬುದು ಕ್ರೈಸ್ತ ಬೋಧೆಯ ತಿರುಳು. ಮನುಷ್ಯನು ತನ್ನ ಪುಣ್ಯಬಲದಿಂದ ಅದನ್ನು ಗಳಿಸಲಾರ. ಅದು ದೇವರ ಕೃಪೆಯಾಗಿ ಬರಬೇಕು, ನಂಬಿಕೆಯಿಂದ ಅದನ್ನು ಸ್ವೀಕರಿಸಬೇಕು ಎಂದು 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಒತ್ತಿ ಹೇಳಿದ. ತತ್ತ್ವವಾಗಿ ಕೇಳುವಾಗ ಸರಳವೆನಿಸುವ ಈ ಮಾತು ಒಂದು ಬಾಳಿನಲ್ಲಿ ನೆಲೆಗೊಳ್ಳಲು ಎಷ್ಟು ಕಾಲ ಹಿಡಿಯುತ್ತದೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾನಿಂದು ಒಬ್ಬ ಹಡಗಿನವನ ಚರಿತ್ರೆಯನ್ನು ಹೇಳಬಯಸುತ್ತೇನೆ. ಅವನ ಹೆಸರು ಜಾನ್ ನ್ಯೂಟನ್. ವಿಜ್ಞಾನಿ ನ್ಯೂಟನ್ನನಲ್ಲ, ‘ಅಮೇಜಿಂಗ್ ಗ್ರೇಸ್’ ಎಂಬ ಲೋಕಪ್ರಸಿದ್ಧ ಕೀರ್ತನೆಯ ಕರ್ತೃ.

ನ್ಯೂಟನ್ 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ತಂದೆ ವ್ಯಾಪಾರದ ಹಡಗಿನ ಕಪ್ತಾನ. ದೈವಭಕ್ತೆಯಾದ ತಾಯಿ ಮಗನಿಗೆ ಏಳು ತುಂಬುವ ಮೊದಲೇ ತೀರಿಕೊಂಡಳು. 1744ರಲ್ಲಿ ಅವನನ್ನು ಬಲವಂತದಿಂದ ನೌಕಾಪಡೆಗೆ ಸೇರಿಸಿಕೊಂಡರು. ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದು ಚಾಟಿಯೇಟು ತಿಂದ. ಬಳಿಕ ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಹಸಿವು, ಕಾಯಿಲೆ, ಅವಮಾನಗಳನ್ನು ಉಂಡ. ಈ ಅವಧಿಯಲ್ಲಿ ಅವನು ದೇವರನ್ನು ನಿಂದಿಸುವುದರಲ್ಲಿ ನಾವಿಕರನ್ನೂ ಬೆಚ್ಚಿಬೀಳಿಸುತ್ತಿದ್ದನಂತೆ.

1748ರ ಮಾರ್ಚ್ ತಿಂಗಳಲ್ಲಿ ಅವನು ‘ಗ್ರೇಹೌಂಡ್’ ಎಂಬ ಹಡಗಿನಲ್ಲಿ ಊರಿಗೆ ಮರಳುತ್ತಿದ್ದಾಗ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿ ಎದ್ದಿತು. ಹಡಗಿನ ಒಂದು ಪಕ್ಕ ಒಡೆದು ನೀರು ನುಗ್ಗಿತು. ಸರಕು ಜೇನುಮೇಣ ಮತ್ತು ಹಗುರವಾದ ಮರವಾಗಿದ್ದುದರಿಂದ ಮಾತ್ರ ಹಡಗು ಮುಳುಗಲಿಲ್ಲ. ಗಂಟೆಗಟ್ಟಲೆ ನೀರನ್ನು ಹೊರಹಾಕುತ್ತಿದ್ದ ನ್ಯೂಟನ್ನನ ಬಾಯಿಂದ, ಅವನಿಗೇ ಅರಿವಿಲ್ಲದಂತೆ, ದೇವರ ಕರುಣೆಯನ್ನು ಬೇಡುವ ಮಾತು ಹೊರಟಿತು. ಆ ದಿನವನ್ನು ಅವನು ಮುಂದೆ ಪ್ರತಿವರ್ಷವೂ ಪ್ರಾರ್ಥನೆಯಿಂದ ಆಚರಿಸಿದ.

ಭಕ್ತರ ಬಾಯಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ ಚರಿತ್ರೆ ಇಲ್ಲಿಗೆ ಮುಗಿಯುವುದಿಲ್ಲ. ಬಿರುಗಾಳಿಯಿಂದ ಬದುಕಿ ಬಂದ ನ್ಯೂಟನ್ ಮತ್ತೆ ಹತ್ತಿದ್ದು ಗುಲಾಮರ ಹಡಗನ್ನೇ. 1750ರಿಂದ 1754ರವರೆಗೆ ಅಂಥ ಹಡಗುಗಳಿಗೆ ಅವನೇ ಕಪ್ತಾನ. ಭಾನುವಾರ ನಾವಿಕರನ್ನು ಕೂಡಿಸಿ ಆರಾಧನೆ ನಡೆಸುತ್ತಿದ್ದ. ಅದೇ ಹಲಗೆಯ ಕೆಳಗೆ ಮನುಷ್ಯರು ಸಂಕೋಲೆಯಲ್ಲಿ ಮಲಗಿರುತ್ತಿದ್ದರು. ಅವರಲ್ಲಿ ಯಾರಾದರೂ ಸತ್ತರೆ ದಿನಚರಿಯಲ್ಲಿ ಬರೆದದ್ದು ಹೆಸರನ್ನಲ್ಲ, ಒಂದು ಸಂಖ್ಯೆಯನ್ನು. 1754ರಲ್ಲಿ ಅವನು ಸಮುದ್ರವನ್ನು ಬಿಟ್ಟದ್ದೂ ಕಾಯಿಲೆಯ ಕಾರಣದಿಂದಲೇ ಹೊರತು ಮನಸ್ಸಾಕ್ಷಿಯ ಕರೆಯಿಂದಲ್ಲ.

ಹಾಗಾದರೆ ಆ ರಾತ್ರಿಯ ಪರಿವರ್ತನೆ ಬರಿಯ ಭ್ರಮೆಯೆ? ಹಾಗೆಂದು ನಾನು ತಿಳಿಯುವುದಿಲ್ಲ. ಬಿರುಗಾಳಿಯಲ್ಲಿ ಅವನು ತನ್ನ ಪಾಪವೆಂದು ಗುರುತಿಸಿದ್ದು ತನ್ನ ಬಾಯಿಯ ಹೊಲಸನ್ನು, ದೈವನಿಂದೆಯನ್ನು, ಸ್ವೇಚ್ಛಾಚಾರವನ್ನು. ಇವುಗಳಿಂದ ಅವನು ಬಿಡಿಸಿಕೊಂಡದ್ದು ನಿಜ. ಆದರೆ ಗುಲಾಮರ ವ್ಯಾಪಾರವನ್ನು ಅಂದಿನ ಇಂಗ್ಲೆಂಡಿನಲ್ಲಿ ಕಾನೂನು ಒಪ್ಪಿತ್ತು, ಸಮಾಜ ಗೌರವಿಸಿತ್ತು. ಎಲ್ಲರೂ ಕೂಡಿ ಮಾಡುವ ಪಾಪಕ್ಕೆ ಪಾಪವೆಂಬ ಹೆಸರೇ ಇರುವುದಿಲ್ಲ. ಹೆಸರಿಲ್ಲದ ಪಾಪಕ್ಕೆ ಪಶ್ಚಾತ್ತಾಪಪಡುವುದಾದರೂ ಹೇಗೆ?

1764ರಲ್ಲಿ ನ್ಯೂಟನ್ ಪಾದ್ರಿಯಾಗಿ ಓಲ್ನಿ ಎಂಬ ಸಣ್ಣ ಊರಿಗೆ ಬಂದ. ಕವಿ ವಿಲಿಯಂ ಕೂಪರನ ಜೊತೆಗೂಡಿ ಅಲ್ಲಿಯ ಜನರಿಗಾಗಿ ಕೀರ್ತನೆಗಳನ್ನು ಬರೆದ. ಅವು 1779ರಲ್ಲಿ ಅಚ್ಚಾದವು. ‘ಅಮೇಜಿಂಗ್ ಗ್ರೇಸ್’ 1773ರ ಹೊಸವರುಷದ ದಿನದ ಉಪದೇಶಕ್ಕೆಂದು ಹುಟ್ಟಿದ ರಚನೆ. ಗುಲಾಮರ ವಿಷಯದಲ್ಲಿ ಅವನಿನ್ನೂ ಬಹಿರಂಗವಾಗಿ ಬಾಯಿ ತೆರೆದಿರಲಿಲ್ಲ ಎಂಬುದನ್ನು ಅದನ್ನು ಹಾಡುವಾಗ ನೆನೆಯುವವರು ವಿರಳ.

ಅವನು ಬಾಯಿ ತೆರೆದದ್ದು 1788ರಲ್ಲಿ, ಸಮುದ್ರವನ್ನು ಬಿಟ್ಟು 34 ವರ್ಷಗಳ ಮೇಲೆ. ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತ ಒಂದು ಕಿರುಹೊತ್ತಗೆಯಲ್ಲಿ ತಾನು ಕಂಡದ್ದನ್ನೂ ಮಾಡಿದ್ದನ್ನೂ ಬರೆದ. ತನ್ನ ನಿವೇದನೆ ತಡವಾಗಿ ಬಂದುದೆಂದು ಅವನೇ ಒಪ್ಪಿಕೊಂಡ. ಅದಕ್ಕೆ ಮುಂಚೆ, 1785ರ ಕೊನೆಯಲ್ಲಿ, 26 ವರ್ಷದ ವಿಲಿಯಂ ವಿಲ್ಬರ್‌ಫೋರ್ಸ್ ಧರ್ಮಸಂಕಟದಲ್ಲಿ ಅವನ ಬಳಿಗೆ ಬಂದಿದ್ದ. ರಾಜಕೀಯವನ್ನು ತೊರೆಯಬೇಡ, ಅಲ್ಲಿದ್ದುಕೊಂಡೇ ದೇವರ ಸೇವೆ ಮಾಡು ಎಂದು ನ್ಯೂಟನ್ ಅವನಿಗೆ ಬುದ್ಧಿ ಹೇಳಿದ. 1790ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ತಾನೇ ನಿಂತು ಸಾಕ್ಷಿ ನುಡಿದ. ಬ್ರಿಟನ್ 1807ರ ಮಾರ್ಚ್‌ನಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡ.

ಕೃಪೆಯ ಬೋಧೆಯನ್ನು ಕುರಿತು ಒಂದು ಹಳೆಯ ಆಕ್ಷೇಪವಿದೆ: ಕ್ಷಮೆ ಮೊದಲೇ ದೊರೆತವನು ತನ್ನ ತಪ್ಪನ್ನು ಮರೆತು ಹಾಯಾಗಿರಬಹುದಲ್ಲ ಎಂದು. ನ್ಯೂಟನ್ನನ ಬಾಳು ಈ ಆಕ್ಷೇಪವನ್ನು ಅರ್ಧ ಎತ್ತಿಹಿಡಿಯುತ್ತದೆ, ಅರ್ಧ ಅಲ್ಲಗಳೆಯುತ್ತದೆ. ಬಹುಕಾಲ ಅವನು ಹಾಯಾಗಿಯೇ ಇದ್ದ. ಆದರೆ ಕೊನೆಗೆ ತನ್ನ ಕೈಯ ರಕ್ತವನ್ನು ದೇಶವೆಲ್ಲ ಕಾಣುವಂತೆ ತೋರಿಸುವ ಧೈರ್ಯ ಬಂದದ್ದೂ ಆ ನಂಬಿಕೆಯಿಂದಲೇ ಎಂದು ನನ್ನ ಭಾವನೆ. ಶಿಕ್ಷೆಗೆ ಅಂಜುವವನು ತಪ್ಪನ್ನು ಮುಚ್ಚಿಡುತ್ತಾನೆ; ಕ್ಷಮೆ ದೊರೆತಿದೆಯೆಂದು ನಂಬಿದವನು ಅದನ್ನು ತೆರೆದು ತೋರಿಸಬಲ್ಲ. ಬಿಡುಗಡೆಯೆಂದರೆ ಹಿಂದಿನದು ಅಳಿಸಿಹೋಗುವುದಲ್ಲ. ಅದನ್ನು ನೇರವಾಗಿ ನೋಡಬಲ್ಲ ಕಣ್ಣು ದೊರೆಯುವುದು.

ಒಂದು ಮಾತು ಮಾತ್ರ ಉಳಿಯುತ್ತದೆ. ದೇವರು ನ್ಯೂಟನ್ನನನ್ನು ಕ್ಷಮಿಸಿರಬಹುದು. ಅವನ ದಿನಚರಿಯಲ್ಲಿ ಸಂಖ್ಯೆಯಾಗಿ ಉಳಿದವರನ್ನು ಯಾರೂ ಕೇಳಲಿಲ್ಲ.