ಪ್ರೈಮರಿ: ಯಾವ ಪಕ್ಷಕ್ಕೂ ಸೇರದ ಮತದಾರರ ಇಕ್ಕಟ್ಟು

ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪೂರ್ವಭಾವಿ ಮತದಾನವೇ ಪ್ರೈಮರಿ. ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳದವರಿಗೂ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಇದರಲ್ಲಿ ಮತ ಚಲಾಯಿಸುವ ಹಕ್ಕಿದೆ. ಮತಗಟ್ಟೆಯಲ್ಲಿ ಡೆಮಾಕ್ರಟಿಕ್ ಅಥವಾ ರಿಪಬ್ಲಿಕನ್ ಮತಪತ್ರವನ್ನು ಕೇಳಿ ಪಡೆಯಬೇಕು, ಎರಡೂ ಸಿಗದು. ಪಡೆದೊಡನೆ ಆ ಪಕ್ಷದವರೆಂದು ದಾಖಲಾಗುತ್ತದೆ. ಮತ ಹಾಕಿದ ಬಳಿಕ ಅಲ್ಲಿಯೇ ಅರ್ಜಿಗೆ ಸಹಿ ಮಾಡಿದರೆ ಮತ್ತೆ ಪಕ್ಷರಹಿತರು.

ತೊಡಕಿರುವುದು ಆಯ್ಕೆಯಲ್ಲಿ. 2000ನೇ ಇಸವಿಯಲ್ಲಿ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್, ಡೆಮಾಕ್ರಟಿಕ್ ಪಕ್ಷದ ಬಿಲ್ ಬ್ರಾಡ್ಲಿ ಇಬ್ಬರೂ ಇದೇ ಮತದಾರರನ್ನು ನೆಚ್ಚಿಕೊಂಡಿದ್ದರು. ಹೆಚ್ಚಿನವರು ಮೆಕೇನ್ ಅವರತ್ತ ವಾಲಿದರು. ಅವರು ಜಾರ್ಜ್ ಬುಷ್ ಅವರನ್ನು ಭಾರೀ ಅಂತರದಿಂದ ಸೋಲಿಸಿದರೆ, ಬ್ರಾಡ್ಲಿ ಅಲ್ಪ ಅಂತರದಿಂದ ಅಲ್ ಗೋರ್ ಅವರಿಗೆ ಮಣಿದರು. ಮೆಚ್ಚಿದವರಿಗೆ ಮತವೋ, ಒಲ್ಲದವರನ್ನು ತಡೆಯಲು ಮತವೋ ಎಂಬುದು ಇನ್ನೊಂದು ಪೇಚು. 2024ರ ಜನವರಿ 23ರಂದು ಡೊನಾಲ್ಡ್ ಟ್ರಂಪ್ ಅವರನ್ನು ತಡೆಯಲೆಂದೇ ಹಲವರು ನಿಕ್ಕಿ ಹೇಲಿ ಅವರನ್ನು ಬೆಂಬಲಿಸಿದರು, ಗೆದ್ದವರು ಟ್ರಂಪ್.