ಬಿಡಿ ಎಂಜಿನ್ನಿನ ಕಾಲನಿರ್ಣಯ: ಹಾಟ್ ರಾಡ್ ಹವ್ಯಾಸಿಗಳ ಫ್ಲಾಟ್‌ಹೆಡ್ ಸಂಗ್ರಹಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಹಳೆಯ ಕಾರಿನ ಒಡಲನ್ನು ಹಗುರಗೊಳಿಸಿ, ಹುರಿಗೊಳಿಸಿದ ಎಂಜಿನ್ ಕೂರಿಸಿ ವೇಗಕ್ಕೆ ಸಜ್ಜುಮಾಡುವ ಹಾಟ್ ರಾಡ್ ಹವ್ಯಾಸ 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಒಣಕೆರೆಗಳ ಸುತ್ತ ರೂಪುಗೊಂಡಿತು. ಅಲ್ಲಿನ ವೇಗಸ್ಪರ್ಧೆಗಳ ಮುಖ್ಯ ಸಂಘಟನೆಯಾದ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿದ್ದು 1937ರಲ್ಲಿ. ಈ ಹವ್ಯಾಸಿಗಳ ಗ್ಯಾರೇಜುಗಳಲ್ಲಿ ಯಾವ ಕಾರಿಗೂ ಜೋಡಿಸದ ಎಂಜಿನ್ನುಗಳು ಒಂದಕ್ಕಿಂತ ಹೆಚ್ಚು ಇರುವುದು ಸಾಮಾನ್ಯ. ಸಂಗ್ರಹದ ಪಟ್ಟಿಗಳಲ್ಲೂ ಮಾರಾಟದ ವಿವರಗಳಲ್ಲೂ ಅವುಗಳಿಗೆ '1946ರ ಎಂಜಿನ್', '1950ರ ಎಂಜಿನ್' ಎಂದು ಒಂದೇ ಇಸವಿ ಕೊಡುವುದು ರೂಢಿ. ಫೋರ್ಡ್ ಫ್ಲಾಟ್‌ಹೆಡ್ ವಿ-8ರ ಮಟ್ಟಿಗಾದರೂ ಈ ರೂಢಿ ಲಭ್ಯ ಆಧಾರವನ್ನು ಮೀರಿದ್ದು, ಕಾಲವನ್ನು ಭಾಗವಾರು ನಮೂದಿಸುವುದೇ ಸರಿ ಎಂಬುದು ಇಲ್ಲಿನ ವಾದ. ಕೊನೆಯ ಭಾಗದಲ್ಲಿ ಹೋಲಿಕೆಗಾಗಿ ಷೆವ್ರೊಲೆಯ ಸ್ಮಾಲ್ ಬ್ಲಾಕನ್ನು ತೆಗೆದುಕೊಂಡಿದೆ.

2. ಹೊರಲಕ್ಷಣಗಳು

ಫೋರ್ಡ್ ವಿ-8 ಮಾರುಕಟ್ಟೆಗೆ ಬಂದದ್ದು 1932ರಲ್ಲಿ: 221 ಘನ ಇಂಚು, 65 ಅಶ್ವಶಕ್ತಿ. 1936ರವರೆಗೆ ನೀರಿನ ಪಂಪುಗಳು ಹೆಡ್ಡುಗಳ ಮುಂತುದಿಯಲ್ಲಿದ್ದವು. 1937ರಲ್ಲಿ ಬ್ಲಾಕಿಗೆ ಇಳಿದವು, ನೀರು ಹೊರಬರುವ ಬಾಯಿ ಹೆಡ್ಡಿನ ನಡುವಿಗೆ ಸರಿಯಿತು. 1949ರ ಕಾರುಗಳಲ್ಲಿ ಅದು ಮತ್ತೆ ಹೆಡ್ಡಿನ ಮುಂಭಾಗಕ್ಕೆ ಬಂತು. ಅದೇ ವರ್ಷ, ಅಲ್ಲಿಯವರೆಗೆ ಬ್ಲಾಕಿನೊಂದಿಗೇ ಎರಕಗೊಳ್ಳುತ್ತಿದ್ದ ಬೆಲ್ ಹೌಸಿಂಗ್ ಪ್ರತ್ಯೇಕ ಭಾಗವಾಯಿತು. ಹೀಗಾಗಿ ನೆಲದ ಮೇಲಿಟ್ಟ ಬರೀ ಬ್ಲಾಕು, ಕಾರಿನದಾದರೆ, 1948 ಅಥವಾ ಅದಕ್ಕೆ ಹಿಂದಿನದೋ 1949 ಅಥವಾ ನಂತರದ್ದೋ ಎಂಬುದು ಅದರ ಹಿಂತುದಿಯನ್ನು ನೋಡಿದೊಡನೆ ತಿಳಿಯುತ್ತದೆ. ಸಂದೇಹಕ್ಕೆ ಹೆಚ್ಚು ಎಡೆಯಿಲ್ಲದ ಲಕ್ಷಣ ಬಹುಶಃ ಇದೊಂದೇ.

ಹೆಡ್ಡನ್ನು ಬಿಗಿಯುವ ಸ್ಟಡ್ಡುಗಳ ಎಣಿಕೆ ಅಷ್ಟು ನಿರ್ಣಾಯಕವಲ್ಲ. ಮೊದಲ ವರ್ಷಗಳ ಬ್ಲಾಕಿನಲ್ಲಿ ಒಂದು ಬದಿಗೆ 21 ಸ್ಟಡ್, ನಂತರದವುಗಳಲ್ಲಿ 24. ಬದಲಾವಣೆ ಆದದ್ದು 1938ರ ತಯಾರಿಕೆಯ ನಡುವೆ. ಆ ವರ್ಷದ ಕಾರುಗಳಲ್ಲಿ ಎರಡೂ ಬಗೆ ಕಾಣಸಿಗುತ್ತವೆ. ಆದ್ದರಿಂದ '24 ಸ್ಟಡ್ ಇದ್ದರೆ 1939 ಅಥವಾ ನಂತರದ್ದು' ಎಂಬ ಚಾಲ್ತಿಯ ಸೂತ್ರವನ್ನು '1938ರ ನಡುವಿನಿಂದೀಚೆಗೆ' ಎಂದು ತಿದ್ದಿಕೊಳ್ಳಬೇಕು. 1937ರಿಂದ 1940ರವರೆಗೆ ಬಂದ 136 ಘನ ಇಂಚಿನ, 60 ಅಶ್ವಶಕ್ತಿಯ ಕಿರಿಯ ವಿ-8ಕ್ಕೆ 17 ಸ್ಟಡ್. ಅದನ್ನು ಬೇರೊಂದರೊಡನೆ ಗೊಂದಲ ಮಾಡಿಕೊಳ್ಳುವ ಸಂಭವ ಕಡಿಮೆ.

ಬೋರಿನ ಅಳತೆಯೂ ಇಸವಿಗೆ ಆಧಾರವಾಗಲಾರದು. 221ರ ಬೋರು 3 1/16 ಇಂಚು; ಫೋರ್ಡ್ ಕಂಪನಿಯದೇ ಇನ್ನೊಂದು ಕಾರಾದ 1939ರ ಮರ್ಕ್ಯುರಿಯೊಂದಿಗೆ ಬಂದು 1946ರಲ್ಲಿ ಫೋರ್ಡ್ ಕಾರಿಗೂ ಸಂದ 239ರದು 3 3/16. ವ್ಯತ್ಯಾಸ 1/8 ಇಂಚು, ಅಂದರೆ 3.175 ಮಿ.ಮೀ. ಹಳೆಯ 221ನ್ನು ಅಷ್ಟೇ ಕೊರೆಸಿದ್ದರೆ ಅಳತೆಯೊಂದರಿಂದ ಎರಡನ್ನೂ ಬೇರ್ಪಡಿಸಲಾಗದು.

3. ಹೆಡ್ಡಿನ ಅಕ್ಷರಗಳು

1949–53ರ ಫೋರ್ಡ್ ಎಂಜಿನ್ನನ್ನು ಹವ್ಯಾಸಿಗಳು '8ಬಿಎ' ಎನ್ನುತ್ತಾರೆ. ಈ ಅಕ್ಷರಗಳು ಎರಕದಲ್ಲಿ ಉಬ್ಬಿ ಕಾಣುವುದು ಹೆಡ್ಡಿನ ಮೇಲೆ. ಹೆಡ್ಡು ಬೋಲ್ಟಿನಿಂದ ಕೂರುವ ಭಾಗ. ಇಂದು ಒಂದು ಬ್ಲಾಕಿನ ಮೇಲಿದ್ದದ್ದು ನಾಳೆ ಇನ್ನೊಂದರ ಮೇಲೆ ಇರಬಹುದು. ಅದೇ ಅವಧಿಯ ಮರ್ಕ್ಯುರಿಯ 255 ಘನ ಇಂಚಿನ ಎಂಜಿನ್ನಿಗೂ ಫೋರ್ಡಿನ 239ಕ್ಕೂ ಬೋರು ಒಂದೇ. ಭೇದವಿರುವುದು ಸ್ಟ್ರೋಕಿನಲ್ಲಿ, ಮರ್ಕ್ಯುರಿಯದು 4 ಇಂಚು, ಫೋರ್ಡಿನದು 3 3/4. ಮರ್ಕ್ಯುರಿಯ ಕ್ರ್ಯಾಂಕ್‌ಶಾಫ್ಟನ್ನು ಫೋರ್ಡ್ ಬ್ಲಾಕಿಗೆ ಹಾಕುವುದು 1949ರ ನಂತರ ಹಾಟ್ ರಾಡ್ ವಲಯದಲ್ಲಿ ಬಲು ಪ್ರಚಲಿತವಾಗಿದ್ದ ಉಪಾಯ. ಆದ ಕಾರಣ ಹೊರಗಿನಿಂದ ನೋಡಿ 239 ಎಂದೋ 255 ಎಂದೋ ಬರೆಯುವುದು ಊಹೆಯೇ ಸರಿ. ಹೆಡ್ ಕಳಚಿ, ಪಿಸ್ಟನ್ ಕೆಳತುದಿಯಿಂದ ಮೇಲ್ತುದಿಗೆ ಚಲಿಸುವ ದೂರವನ್ನು ಡೆಪ್ತ್ ಗೇಜಿನಿಂದ ಅಳೆದರೆ 6.35 ಮಿ.ಮೀ. ಅಂತರ ನಿಸ್ಸಂದಿಗ್ಧವಾಗಿ ಸಿಗುತ್ತದೆ.

4. ಕ್ರಮಸಂಖ್ಯೆಯ ಅಭಾವ

1932–48ರ ಅವಧಿಯಲ್ಲಿ ಫೋರ್ಡ್ ತನ್ನ ಕ್ರಮಸಂಖ್ಯೆಯನ್ನು ಚಾಸಿಯ ಮೇಲೂ ಗೇರ್‌ಬಾಕ್ಸಿನ ಕವಚದ ಮೇಲೂ ಒತ್ತುತ್ತಿತ್ತು. ಬ್ಲಾಕಿನ ಮೇಲೆ ಅಲ್ಲ. ದಾಖಲೆಗಳಲ್ಲಿ 'ಎಂಜಿನ್ ನಂಬರ್' ಎಂದು ಕಾಣುವುದು ವಾಸ್ತವವಾಗಿ ಗೇರ್‌ಬಾಕ್ಸಿನ ಮೇಲಿದ್ದದ್ದು. ಗೇರ್‌ಬಾಕ್ಸ್ ಬೇರ್ಪಟ್ಟ ಬಿಡಿ ಬ್ಲಾಕಿಗೆ ನೋಂದಣಿಯ ಕಾಗದದೊಡನೆ ಹೊಂದಿಸಿ ನೋಡುವ ಯಾವ ಸಂಖ್ಯೆಯೂ ಉಳಿಯುವುದಿಲ್ಲ. ಇಂಥ ಬ್ಲಾಕು 'ಈ ಕಾರಿನ ಮೂಲ ಎಂಜಿನ್' ಎಂಬ ಹೇಳಿಕೆ ಮಾಲೀಕತ್ವದ ಅಖಂಡ ದಾಖಲೆಯಿಲ್ಲದೆ ಪರಿಶೀಲನೆಗೆ ಒಳಪಡುವಂಥದಲ್ಲ. ಹೇಳಿಕೆ ಸುಳ್ಳೆಂದು ಇದರ ಅರ್ಥವಲ್ಲ.

5. ಬಿರುಕು ಮತ್ತು ಸಂಗ್ರಹದ ಕಾರಣ

ಒಂದು ಕಾರಿಗೆ ಹಲವು ಎಂಜಿನ್ ಏಕೆ ಎಂಬ ಪ್ರಶ್ನೆಗೆ ಹವ್ಯಾಸಿಯ ಆಸೆ, ವ್ಯಾಮೋಹಗಳನ್ನೇ ಉತ್ತರವಾಗಿ ಕೊಡುವುದುಂಟು. ಕಾರಣದ ಒಂದು ದೊಡ್ಡ ಪಾಲು ಎರಕದಲ್ಲೇ ಇದೆ ಎಂದು ತೋರುತ್ತದೆ. ಫ್ಲಾಟ್‌ಹೆಡ್ಡಿನಲ್ಲಿ ವಾಲ್ವುಗಳು ಹೆಡ್ಡಿನಲ್ಲಿರದೆ ಬ್ಲಾಕಿನಲ್ಲಿ, ಸಿಲಿಂಡರಿನ ಮಗ್ಗುಲಲ್ಲಿವೆ. ಸುಟ್ಟ ಅನಿಲ ಬ್ಲಾಕಿನ ಒಳಗೇ ಸಿಲಿಂಡರುಗಳ ನಡುವೆ ಹಾದು ಹೊರಬದಿಗೆ ಬರಬೇಕು. ಒಂದು ಬದಿಯ ನಾಲ್ಕು ಸಿಲಿಂಡರುಗಳಿಗೆ ಹೊರದಾರಿ ಮೂರೇ. ನಡುವಿನ ಎರಡಕ್ಕೆ ಒಂದೇ ಬಾಯಿ. ಆ ಶಾಖ ನೀರಿಗೂ ಕಬ್ಬಿಣಕ್ಕೂ ಸೇರುತ್ತದೆ. ಎಂಜಿನ್ ಅತಿಯಾಗಿ ಕಾದಾಗ ಬಿರುಕು ಬಿಡುವ ಜಾಗಗಳು ಬಹುಮಟ್ಟಿಗೆ ನಿಶ್ಚಿತ: ಎಕ್ಸಾಸ್ಟ್ ವಾಲ್ವಿನ ಸೀಟಿನಿಂದ ಸಿಲಿಂಡರಿನ ಅಂಚಿಗೆ, ಇಲ್ಲವೆ ಸ್ಟಡ್ ರಂಧ್ರದಿಂದ ಪಕ್ಕದ ನೀರಿನ ರಂಧ್ರಕ್ಕೆ.

ಈ ಗೆರೆಗಳು ಬರಿಗಣ್ಣಿಗೆ ಹಲವೊಮ್ಮೆ ಕಾಣವು. ಬ್ಲಾಕನ್ನು ಪೂರ್ತಿ ಕಳಚಿ, ಮಸಿ ತೊಳೆದು, ಕಾಂತೀಯಗೊಳಿಸಿ ಕಬ್ಬಿಣದ ನುಣ್ಣನೆ ಪುಡಿ ಉದುರಿಸಿದಾಗ ಬಿರುಕಿನುದ್ದಕ್ಕೂ ಪುಡಿ ಕೂಡಿಕೊಂಡು ಗೆರೆ ಎದ್ದು ಕಾಣುತ್ತದೆ. ಅಂದರೆ ಕೊಳ್ಳುವ ಹೊತ್ತಿಗೆ ಬ್ಲಾಕಿನ ಗುಣ ತಿಳಿದಿರುವುದಿಲ್ಲ. ಹಣ ಕೊಟ್ಟು ಮನೆಗೆ ತಂದು ಬಿಚ್ಚಿದ ಮೇಲಷ್ಟೇ ತಿಳಿಯುತ್ತದೆ. ಒಂದು ನಂಬಲರ್ಹ ಬ್ಲಾಕು ಬೇಕಾದವನು ಹಲವನ್ನು ತಂದಿಡುವುದು ಈ ದೃಷ್ಟಿಯಿಂದ ವಿವೇಕದ ಕ್ರಮ. ತಿರಸ್ಕೃತವಾದವುಗಳಲ್ಲೂ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಹೆಡ್ಡುಗಳು ಉಪಯೋಗಕ್ಕೆ ಬರುವುದರಿಂದ ಅವನ್ನು ಎಸೆಯುವುದಿಲ್ಲ. ವ್ಯಾಮೋಹದ ಪಾತ್ರವನ್ನು ಅಲ್ಲಗಳೆಯಬೇಕಿಲ್ಲ, ಅದೊಂದೇ ಸಾಲದು.

ಪೂರೈಕೆಯ ಕಾಲಾವಧಿಯನ್ನೂ ಗಮನಿಸಬೇಕು. ಅಮೆರಿಕದ ಫೋರ್ಡ್ ಕಾರುಗಳಲ್ಲಿ ಫ್ಲಾಟ್‌ಹೆಡ್ ವಿ-8ರ ಕೊನೆಯ ವರ್ಷ 1953, ಕೆನಡಾದಲ್ಲಿ 1954. 1955ರಲ್ಲಿ ಷೆವ್ರೊಲೆಯ 265 ಘನ ಇಂಚಿನ ಓವರ್‌ಹೆಡ್ ವಾಲ್ವ್ ವಿ-8 ಬಂದಮೇಲೆ ಅನೇಕರು ಅದನ್ನೇ ಹಳೆಯ ಫೋರ್ಡುಗಳಿಗೆ ಕೂರಿಸತೊಡಗಿದರು. ಇಳಿಸಿದ ಫ್ಲಾಟ್‌ಹೆಡ್ಡು ಗ್ಯಾರೇಜಿನ ಮೂಲೆ ಸೇರಿತು. ಹಳೆಯ ಸಂಗ್ರಹಗಳಲ್ಲಿ ಒಂದಂಶ ಹೀಗೆ 'ತಂದದ್ದು' ಅಲ್ಲ, 'ಉಳಿದದ್ದು' ಇರಬಹುದು.

6. ಘನ ಇಂಚಿನ ಲೆಕ್ಕದಲ್ಲೊಂದು ವ್ಯತ್ಯಾಸ

ಕೊರೆದು, ಸ್ಟ್ರೋಕ್ ಹೆಚ್ಚಿಸಿದ ಎಂಜಿನ್ನುಗಳನ್ನು ಹವ್ಯಾಸಿಗಳು ಘನ ಇಂಚಿನಿಂದಲೇ ಕರೆಯುತ್ತಾರೆ. ಈ ಸಂಖ್ಯೆಗಳನ್ನು ಮತ್ತೆ ಲೆಕ್ಕ ಹಾಕಿ ನೋಡಲಾಯಿತು. ಬೋರು 3 3/8, ಸ್ಟ್ರೋಕ್ 3 3/4 ಇದ್ದರೆ 268.4, ರೂಢಿಯ ಹೆಸರು 268. ಬೋರು 3 5/16, ಸ್ಟ್ರೋಕ್ 4 ಇದ್ದರೆ 275.8; ರೂಢಿಯಲ್ಲಿ 276. ಬೋರು 3 3/8, ಸ್ಟ್ರೋಕ್ 4 ಇದ್ದರೆ 286.3, ರೂಢಿಯಲ್ಲಿ 286. ಮೂರೂ ಪೂರ್ಣಾಂಕಕ್ಕೆ ಸರಿಯಾಗಿ ಹೊಂದುತ್ತವೆ.

ಬೋರು 3 3/8, ಸ್ಟ್ರೋಕ್ 4 1/8 ಇರುವ ಹೆಸರಾಂತ '296' ಮಾತ್ರ ಹೊಂದುವುದಿಲ್ಲ. ಲೆಕ್ಕ ಕೊಡುವುದು 295.2, ಸಮೀಪದ ಪೂರ್ಣಾಂಕ 295. ನಿಜವಾಗಿ 296 ಬರಬೇಕಾದರೆ ಬೋರು ಸುಮಾರು 3.3794 ಇಂಚು ಇರಬೇಕು, ಅಂದರೆ ಹೇಳಿದ ಅಳತೆಗಿಂತ ಸುಮಾರು 0.0044 ಇಂಚು ಹೆಚ್ಚು. ಹೊಳಪು ಕೊಡುವಾಗ ಅಷ್ಟು ಲೋಹ ಹೋಗುವುದು ಅಸಾಧ್ಯವಲ್ಲ, ಆದರೆ ಅದೇ ಕಾರಣ ಉಳಿದ ಮೂರು ಸಂಖ್ಯೆಗಳನ್ನು ಏಕೆ ಮುಟ್ಟಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಮೇಲಿನ ಪೂರ್ಣಾಂಕಕ್ಕೆ ಏರಿಸಿ ಹೇಳಿದ ಸಂಖ್ಯೆಯೊಂದು ಹಾಗೆಯೇ ನಿಂತಿತೆಂಬುದು ಹೆಚ್ಚು ಸಂಭಾವ್ಯ. ಪಟ್ಟಿ ಮಾಡುವವರು ಬೋರು, ಸ್ಟ್ರೋಕುಗಳನ್ನು ಬೇರೆಬೇರೆಯಾಗಿ ಬರೆದರೆ ಈ ತೊಡಕು ಉಳಿಯದು.

ಇದಕ್ಕಿಂತ ಗಂಭೀರವಾದದ್ದು 'ಫೋರ್ಡ್ 239' ಎಂಬ ನಮೂದು. 1954ರಲ್ಲಿ ಫ್ಲಾಟ್‌ಹೆಡ್ಡಿನ ಜಾಗಕ್ಕೆ ಬಂದ ವೈ-ಬ್ಲಾಕ್ ಓವರ್‌ಹೆಡ್ ವಾಲ್ವ್ ಎಂಜಿನ್ನಿನದೂ 239 ಘನ ಇಂಚೇ: ಬೋರು 3.5, ಸ್ಟ್ರೋಕ್ 3.1, ಲೆಕ್ಕಕ್ಕೆ 238.6. ಹಿಂದಿನ ಫ್ಲಾಟ್‌ಹೆಡ್ಡಿನದು 239.4. ರಚನೆಯಲ್ಲಿ ಸಂಬಂಧವೇ ಇಲ್ಲದ ಎರಡು ಎಂಜಿನ್ನುಗಳಿಗೆ ಒಂದೇ ಸಂಖ್ಯೆ ಇರುವುದರಿಂದ, ಚಿತ್ರವಿಲ್ಲದ ಹಳೆಯ ಪಟ್ಟಿಯಲ್ಲಿ ಇಷ್ಟೇ ಬರೆದಿದ್ದರೆ ಅದನ್ನು ಫ್ಲಾಟ್‌ಹೆಡ್ಡೆಂದು ಎಣಿಸುವಂತಿಲ್ಲ.

7. ಷೆವ್ರೊಲೆ: ಒಂದೇ ಅಂಕಿಯ ವರ್ಷ

ಷೆವ್ರೊಲೆ ಸ್ಮಾಲ್ ಬ್ಲಾಕಿನ ಮೇಲೆ ಎರಕದ ದಿನಾಂಕವೇ ಇರುವುದರಿಂದ ಕೆಲಸ ಸುಲಭವೆನಿಸುತ್ತದೆ. ಕ್ರಮ ಹೀಗೆ: ಜನವರಿಗೆ 'ಎ'ಯಿಂದ ಡಿಸೆಂಬರಿಗೆ 'ಎಲ್'ವರೆಗೆ ಒಂದು ಅಕ್ಷರ, ನಂತರ ದಿನ, ಕೊನೆಗೆ ವರ್ಷದ ಕೊನೆಯ ಅಂಕಿ. 'ಎಫ್ 14 9' ಎಂದರೆ ಜೂನ್ 14; ವರ್ಷ 1959, 1969, 1979ರಲ್ಲಿ ಯಾವುದೂ ಆಗಬಹುದು. ಶಕವರ್ಷವಿಲ್ಲದೆ ಸಂವತ್ಸರವನ್ನಷ್ಟೇ ಹೇಳುವ ಶಾಸನದಲ್ಲಿ 60 ವರ್ಷದ ಆವರ್ತ ತರುವ ತೊಡಕನ್ನೇ ಇಲ್ಲಿ 10 ವರ್ಷದ ಆವರ್ತ ತರುತ್ತದೆ. ಎರಕದ ಸಂಖ್ಯೆಯಿಂದ ದಶಕವನ್ನು ಗೊತ್ತುಮಾಡುವುದು ವಾಡಿಕೆ. ಆದರೆ 350 ಘನ ಇಂಚಿನ ಸ್ಮಾಲ್ ಬ್ಲಾಕಿನಲ್ಲಿ ಹೇರಳವಾಗಿ ಸಿಗುವ 3970010 ಎಂಬ ಸಂಖ್ಯೆ 1969ರಿಂದ 1970ರ ದಶಕದ ಕೊನೆಯವರೆಗೆ ಬಳಕೆಯಲ್ಲಿದ್ದು, '9' ಬಂದಲ್ಲಿ ಅದೂ ಕೈಕೊಡುತ್ತದೆ.

ಆಗ ಉಳಿಯುವುದು ಬ್ಲಾಕಿನ ಮುಂಭಾಗದಲ್ಲಿ, ಪ್ರಯಾಣಿಕರ ಬದಿಯ ಹೆಡ್ಡಿನ ಮುಂದೆ ಇರುವ ಸಣ್ಣ ಸಮತಲ ಪಟ್ಟಿ. ಜೋಡಣೆಯ ಕಾರ್ಖಾನೆ, ತಿಂಗಳು, ದಿನಗಳನ್ನು ಅಲ್ಲಿ ಒತ್ತಲಾಗುತ್ತಿತ್ತು, ವರ್ಷವನ್ನಲ್ಲ. 1968ರಿಂದ ಕಾರಿನ ಗುರುತು ಸಂಖ್ಯೆಯ ಒಂದು ಭಾಗವನ್ನೂ ಬ್ಲಾಕಿನ ಮೇಲೆ ಒತ್ತತೊಡಗಿದರು. ಅದು ಪಟ್ಟಿಯ ಮೇಲೆಯೇ ಇರುವುದೂ ಉಂಟು. ಪಟ್ಟಿ ಮೂಲದ್ದಾದರೆ ಕಾರ್ಖಾನೆಯ ಯಂತ್ರ ಬಿಟ್ಟ ನವಿರಾದ ಸಮಾಂತರ ಗೀರುಗಳು ಅಕ್ಷರಗಳ ಹಿಂದೆ ಕಾಣುತ್ತವೆ. ಬ್ಲಾಕಿನ ಮೇಲ್ಮೈಯನ್ನು ಸಪಾಟುಗೊಳಿಸುವಾಗ ಈ ಪಟ್ಟಿಯೂ ಅದೇ ಮಟ್ಟದಲ್ಲಿರುವುದರಿಂದ ಗೀರು, ಅಕ್ಷರ ಎರಡೂ ಅಳಿಸಿಹೋಗುತ್ತವೆ. ಹಾಗಾಗಿ ಖಾಲಿ ಪಟ್ಟಿ ವಂಚನೆಯ ಕುರುಹೆಂದು ತೀರ್ಮಾನಿಸಲಾಗದು. ಸಾಧಾರಣ ದುರಸ್ತಿಯ ಫಲವೂ ಆಗಿರಬಹುದು. ಬ್ಲಾಕನ್ನು ಯಂತ್ರಶಾಲೆಗೆ ಕಳಿಸುವ ಮುನ್ನ ಈ ಪಟ್ಟಿಯ ಮೇಲೆ ತೆಳುಕಾಗದವಿಟ್ಟು ಪೆನ್ಸಿಲಿನಿಂದ ಪಡಿಯಚ್ಚು ತೆಗೆದು, ಓರೆ ಬೆಳಕಿನಲ್ಲಿ ತೆಗೆದ ಒಂದು ಛಾಯಾಚಿತ್ರದೊಡನೆ ಬ್ಲಾಕಿನ ವಿವರಕ್ಕೆ ಲಗತ್ತಿಸುವುದು ಅಪೇಕ್ಷಣೀಯ.