ಕಸಿ ಮೂತ್ರಪಿಂಡ ಮತ್ತು ಚರ್ಮದ ಕ್ಯಾನ್ಸರ್: ಬಿಸಿಲು ತಾಗದ ಜಾಗಗಳ ವಿಚಾರ

ಬಿಳಿ ಚರ್ಮದವರಲ್ಲಿ ಸಾಮಾನ್ಯವಾಗಿ ಬೇಸಲ್ ಸೆಲ್ ಕ್ಯಾನ್ಸರ್ ಹೆಚ್ಚು, ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಕಡಿಮೆ. ಅಂಗಾಂಗ ಕಸಿಯಾದವರಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ನಾರ್ವೆಯಲ್ಲಿ ಮೂತ್ರಪಿಂಡ ಹಾಗೂ ಹೃದಯ ಕಸಿಯಾದವರ ಬಗ್ಗೆ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಕ್ವೇಮಸ್ ಸೆಲ್ ಕ್ಯಾನ್ಸರಿನ ಪ್ರಮಾಣ ಉಳಿದ ಜನರಿಗಿಂತ ಸುಮಾರು 65 ಪಟ್ಟು ಹೆಚ್ಚಿತ್ತು. ಬಿಸಿಲಿಗೆ ಬರುವ ಬಿಳಿಯರ ಕಾಯಿಲೆ ಎಂದು ಇದನ್ನು ಬದಿಗಿಡುವುದು ನಮ್ಮಲ್ಲಿ ಸುಲಭ. ಹಾಗೆ ಬದಿಗಿಡುವುದು ತಪ್ಪೆಂಬುದು ನನ್ನ ವಾದ.

ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಔಷಧಗಳಿಂದ, ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲುವ ಕಾವಲು ಸಡಿಲವಾಗುವುದು ಇದಕ್ಕೆ ಒಂದು ಕಾರಣ. ಆ ಔಷಧಗಳಲ್ಲೊಂದಾದ ಅಜಥಯೋಪ್ರಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದೇಹದೊಳಗೆ ಅದು ಥಯೋಗ್ವಾನಿನ್ ಆಗಿ ಮಾರ್ಪಟ್ಟು ಚರ್ಮಕೋಶದ ಡಿಎನ್‌ಎಯಲ್ಲೇ ಸೇರಿಕೊಳ್ಳುತ್ತದೆ. ಸಹಜ ಡಿಎನ್‌ಎ ನೇರಳಾತೀತ ‘ಎ’ ಕಿರಣಗಳನ್ನು ಅಷ್ಟಾಗಿ ಹೀರುವುದಿಲ್ಲ; ಥಯೋಗ್ವಾನಿನ್ ಬೆರೆತದ್ದು ಹೀರುತ್ತದೆ. ಹೀರಿದಲ್ಲೇ ಆಮ್ಲಜನಕದ ಉಗ್ರ ಅಣುಗಳು ಹುಟ್ಟಿ ಅದೇ ಡಿಎನ್‌ಎಯನ್ನು ಕೆಡಿಸುತ್ತವೆ. ಲಂಡನ್ನಿನ ಸಂಶೋಧಕರು 2005ರಲ್ಲಿ ತೋರಿಸಿಕೊಟ್ಟ ಸಂಗತಿಯಿದು. ಈ ಕಿರಣಗಳು ಕಿಟಕಿಯ ಗಾಜನ್ನೂ ದಾಟಿ ಬರುತ್ತವೆ ಎಂಬುದನ್ನು ರೋಗಿಗೆ ಹೇಳಲೇಬೇಕು.

ಕಂದು, ಕಪ್ಪು ಚರ್ಮಕ್ಕೆ ಮೆಲನಿನ್ನಿನ ರಕ್ಷಣೆಯಿದೆ, ನಿಜ. ಆದರೆ ಈ ಕ್ಯಾನ್ಸರಿಗೆ ಕಾರಣವಾಗಬಲ್ಲ ಮಾನವ ಪ್ಯಾಪಿಲೋಮಾ ವೈರಸ್ಸಿಗೆ ಮೆಲನಿನ್ ಅಡ್ಡಿಯಲ್ಲ. ಫಿಲಡೆಲ್ಫಿಯಾದಲ್ಲಿ ಕಸಿಯಾದ ಕಪ್ಪು ಜನರನ್ನು ಪರೀಕ್ಷಿಸಿದಾಗ ಕ್ಯಾನ್ಸರ್ ಗಂಟುಗಳು ಹೆಚ್ಚಾಗಿ ಕಂಡದ್ದು ಬಿಸಿಲು ತಾಗದ ಕಡೆ, ಅದರಲ್ಲೂ ಜನನಾಂಗದ ಸುತ್ತ. ನಮ್ಮ ರೋಗಿಗಳು ಸಂಕೋಚದಿಂದ ಬಾಯಿಬಿಡದ ಜಾಗವೂ ಅದೇ. ಕ್ರಿಯಾಟಿನಿನ್, ರಕ್ತದೊತ್ತಡ, ಟ್ಯಾಕ್ರೊಲಿಮಸ್ ಔಷಧದ ಮಟ್ಟ ಮಾತ್ರ ನೋಡಿ ಕಳಿಸಿದರೆ ಅಲ್ಲಿನ ಗಂಟು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಸಿಯಾದವರಿಗೆ ಅದೇ ವೈರಸ್ಸಿನಿಂದ ಬರುವ ನರುಲಿಗಳು ಹೇಗೂ ಹೆಚ್ಚು. ಕ್ಯಾನ್ಸರನ್ನು ಗುರುತಿಸುವ ಕಷ್ಟ ಇರುವುದೇ ಇಲ್ಲಿ. ಸಾದಾ ನರುಲಿ ತಿಂಗಳುಗಟ್ಟಲೆ ಇದ್ದಂತೆಯೇ ಇರುತ್ತದೆ. ಅನುಮಾನ ಪಡಬೇಕಾದದ್ದು ಕೆಲವೇ ವಾರಗಳಲ್ಲಿ ದಪ್ಪವಾಗುತ್ತದೆ, ಬುಡ ಗಟ್ಟಿಯಾಗುತ್ತದೆ, ಒತ್ತಿದರೆ ನೋಯುತ್ತದೆ. ಹಕ್ಕಳೆ ಕಿತ್ತರೆ ರಕ್ತ ಜಿನುಗಿ ಮತ್ತೆ ಹಕ್ಕಳೆ ಕಟ್ಟುತ್ತದೆ. ಅಂಗಾಲಿನಲ್ಲಿದ್ದರೆ ಆಣಿಯೆಂದು ಬ್ಲೇಡಿನಿಂದ ಹೆರೆದುಕೊಳ್ಳುವವರಿದ್ದಾರೆ.

ಬೇಗ ಗುರುತಿಸಿದರೆ ಚಿಕಿತ್ಸೆಗೂ ದಾರಿಯಿದೆ. 2012ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗವೊಂದರಲ್ಲಿ, ಒಮ್ಮೆಯಾದರೂ ಈ ಕ್ಯಾನ್ಸರ್ ಬಂದಿದ್ದ 120 ಮೂತ್ರಪಿಂಡ ಕಸಿ ರೋಗಿಗಳ ಪೈಕಿ, ಅದೇ ಉದ್ದೇಶದ ಇನ್ನೊಂದು ಔಷಧವಾದ ಸಿರೊಲಿಮಸ್‌ಗೆ ಬದಲಾದವರಲ್ಲಿ ಶೇ. 22 ಮಂದಿಗೆ ಎರಡು ವರ್ಷಗಳಲ್ಲಿ ಹೊಸ ಗಂಟು ಬಂತು. ಹಳೆಯ ಔಷಧದಲ್ಲೇ ಮುಂದುವರಿದವರಲ್ಲಿ ಶೇ. 39 ಮಂದಿಗೆ. ಸಿರೊಲಿಮಸ್‌ನ ಅಡ್ಡಪರಿಣಾಮಗಳು ಸಣ್ಣವಲ್ಲ, ಹಲವರು ಅದನ್ನು ನಿಲ್ಲಿಸಬೇಕಾಯಿತು. ಹೆಚ್ಚು ಪ್ರಯೋಜನವಾದದ್ದು ಅದುವರೆಗೆ ಒಂದೇ ಗಂಟು ಕಂಡಿದ್ದವರಿಗೆ.